ನನ್ನ ಕಾಲು, ಇವರ ಆದಾಯ

ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂರುವ ಗಂಡಸರು ಕೊಡುವ ಕಾರಣಗಳನ್ನು ಯಾರಾದರೂ ಸೇರಿಸಿ ಬರೆದರೆ ದೊಡ್ಡ ಗ್ರಂಥವೇ ಆದೀತು. ಸೊಂಟನೋವು, ಧಣಿಯ ಬಾಯಿ ಸರಿ ಇಲ್ಲ, ಶನಿ ಬಿಟ್ಟಿಲ್ಲ, ಈಗಿನ ಕಾಲದಲ್ಲಿ ನಿಯತ್ತಿಗೆ ಬೆಲೆ ಇಲ್ಲ, ಹೀಗೆ ನಾನೇ ಬೇಕಾದಷ್ಟು ಕೇಳಿದ್ದೇನೆ. ಆದರೆ ಹೆಂಡತಿಯ ಎಡಗಾಲನ್ನು ಕಾರಣವಾಗಿ ಕೊಟ್ಟವರು ನಮ್ಮ ಗುರುವಾಯನಕೆರೆಯ ಸುತ್ತಮುತ್ತ ನನ್ನ ಗಂಡ ಒಬ್ಬರೇ ಇರಬೇಕು. ಆ ಎಡಗಾಲು ನನ್ನದು. ಸಣ್ಣವಳಿದ್ದಾಗ ಪೋಲಿಯೋ ಬಂದು ಬಡಕಲಾದ ಕಾಲು. ಅದಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಾನು ಶಾಲೆಗೆ ಹೋದೆ, ಬಿ.ಎ. ಮಾಡಿದೆ, ಮದುವೆಯಾದೆ, ಮಗಳನ್ನು ಹೆತ್ತೆ. ಇಷ್ಟೆಲ್ಲ ಆಗುವಾಗ ಆ ಕಾಲು ಯಾರ ದಾರಿಗೂ ಅಡ್ಡ ಬಂದಿರಲಿಲ್ಲ. ಇವರು ಕೆಲಸಕ್ಕೆ ಹೊರಡುವ ದಾರಿಗೆ ಮಾತ್ರ ಅಡ್ಡ ಬಂತು.

ಇವರು ಬಂಟ್ವಾಳ–ಮೂಡುಬಿದಿರೆ ರೂಟಿನಲ್ಲಿ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ಆಗ ನಾನು ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿದ್ದೆ. ಕುಟುಂಬದ ಆದಾಯ ಮಿತಿಗಿಂತ ಹೆಚ್ಚಾಯಿತು, ಕೊಡಲಿಕ್ಕಾಗುವುದಿಲ್ಲ ಎಂದರು. ಸರಿ, ಸುಮ್ಮನಾದೆ. ಆಮೇಲೆ ಧಣಿ ಬಸ್ಸು ಮಾರಿದ. ಇವರು ಮನೆಯಲ್ಲಿ ಕೂತರು. ಮದುವೆ ಸೀಸನಿನಲ್ಲಿ ಕಾರುಗಳಿಗೆ ಬದಲಿ ಡ್ರೈವರ್ ಆಗಿ ಹೋದದ್ದು, ಹಿತ್ತಲಿನ ನಾಲ್ಕು ರಬ್ಬರು ಮರದಿಂದ ಬಂದದ್ದು, ಅಷ್ಟರಲ್ಲೇ ಸಂಸಾರ. ಈಗಲಾದರೂ ಹಾಕಿ ನೋಡು ಎಂದು ನೆರೆಮನೆಯ ಲೀಲಕ್ಕ ಹೇಳಿದರು. ಹಾಕಿದೆ, ಮಂಜೂರಾಯಿತು. ತಿಂಗಳಿಗೊಮ್ಮೆ ಹಣ ಬ್ಯಾಂಕಿಗೆ ಬಿದ್ದು ನನ್ನ ಮೊಬೈಲು ಟಿಣ್ ಎನ್ನತೊಡಗಿತು. ದೊಡ್ಡ ಮೊತ್ತವೇನಲ್ಲ. ಆದರೆ ನನ್ನ ಹೆಸರಿಗೆ ಬಂದ ಮೊದಲ ಹಣ. ಬೂತಾಯಿ ಮೀನು ತೆಗೆದುಕೊಂಡರೂ, ಮುಂಡಾಜೆಯ ಅಕ್ಕನ ಮನೆಗೆ ಹೋಗಿ ಬಂದರೂ, ಎಂತಕ್ಕೆ ಎಂದು ಯಾರೂ ಕೇಳದ ಹಣ. ಅದರ ರುಚಿ ಕೈ ಚಾಚದೆ ಬದುಕಿದವರಿಗೆ ಗೊತ್ತಾಗಲಿಕ್ಕಿಲ್ಲ.

ಇನ್ನು ಇವರು ಮನೆಯಲ್ಲಿ ಕೂತರು ಎಂದೆನಲ್ಲ, ಅದು ಬರೀ ಮಾತು. ಕೂತಿದ್ದರೆ ನಾನು ಪುಣ್ಯವಂತೆ. ವರ್ಷಗಟ್ಟಲೆ ಸ್ಟಿಯರಿಂಗು ತಿರುಗಿಸಿದ ಕೈ ಸುಮ್ಮನಿರುತ್ತದೆಯೇ? ಅದು ನನ್ನ ಅಡುಗೆಮನೆಗೆ ಕೈ ಹಾಕಿತು. ನನ್ನ ಅಡುಗೆಮನೆ ನೋಡಲಿಕ್ಕೆ ಚಂದವಿಲ್ಲ, ಒಪ್ಪುತ್ತೇನೆ. ಉಪ್ಪು, ಹುಳಿ, ಮೆಣಸು ಎಲ್ಲ ಸೊಂಟದ ಎತ್ತರದಲ್ಲಿ, ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡರೆ ಇನ್ನೊಂದು ಕೈಗೆ ಸಿಗುವ ಹಾಗೆ ಹರಡಿಕೊಂಡಿರುತ್ತವೆ. ನನಗೆ ನೆಲದಲ್ಲಿ ಕೂರಲಾಗುವುದಿಲ್ಲವೆಂದು ತೆಂಗಿನಕಾಯಿ ತುರಿಯುವ ಮಣೆಯನ್ನು ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ್ದೆ. ಇದನ್ನೆಲ್ಲ ಹೊಂದಿಸಿಕೊಳ್ಳಲು ನನಗೆ ವರ್ಷಗಳೇ ಹಿಡಿದಿದ್ದವು. ಒಂದು ದಿನ ನಾನು ಲೀಲಕ್ಕನ ಮನೆಯಿಂದ ಬರುವಷ್ಟರಲ್ಲಿ ಕಟ್ಟೆ ಖಾಲಿ, ಡಬ್ಬಗಳೆಲ್ಲ ತಲೆಯ ಮೇಲಿನ ಶೆಲ್ಫಿನಲ್ಲಿ ಬಸ್ಸಿನ ಪ್ರಯಾಣಿಕರ ಹಾಗೆ ಸಾಲಾಗಿ ಕೂತಿದ್ದವು. ತುರಿಯುವ ಮಣೆ ನೆಲಕ್ಕಿಳಿದಿತ್ತು.

"ಈಗ ನೋಡು, ಎಷ್ಟು ನೀಟ್ ಉಂಟು," ಎಂದರು.

"ಉಪ್ಪು ನನ್ನ ಕೈಗೆ ಸಿಗ್ಲಿಕ್ಕುಂಟಾ?"

"ನಿನಗೆ ಯಾಕೆ ಸಿಗ್ಬೇಕು? ನಾನಿದ್ದೇನಲ್ಲ. ನೀನು ಆರಾಮ ಕೂತ್ಕೋ ಮಾರಾಯ್ತಿ."

(ನಾವು ಜಗಳ ಮಾಡುವುದು ತುಳುವಿನಲ್ಲಿ. ಓದುವವರಿಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ, ಖಾರ ಸ್ವಲ್ಪ ಕಮ್ಮಿಯಾಗಿದೆ.)

ಕಾಲು ಊನವಾದದ್ದು ನನಗೆ ಎರಡು ವರ್ಷವಿದ್ದಾಗ. ಆದರೆ ನಾನು ನಿಜವಾಗಿ ಅಂಗವಿಕಲೆಯಾದದ್ದು ಆ ದಿನ. ನನ್ನದೇ ಮನೆಯಲ್ಲಿ ಒಂದು ಚಮಚ ಉಪ್ಪಿಗೆ ಗಂಡನನ್ನು ಕರೆಯಬೇಕಾಯಿತು. ಕರೆದರೆ ಬರುತ್ತಾರೆ, ಆದರೆ ಬಸ್ಸಿನ ಟೈಮಿಗೆ ಬರುತ್ತಾರೆ. ಗಂಜಿಗೂ ಟೈಮಿಂಗು, ಸಾರಿಗೂ ಟೈಮಿಂಗು. ಸಾರು ಕುದಿಯುವ ಮೊದಲೇ ರೈಟ್ ಎಂದು ಇಳಿಸಿಬಿಡುತ್ತಾರೆ. ಬಂದ ನೆಂಟರ ಮುಂದೆ, "ಇವಳಿಗೆ ಆಗುವುದಿಲ್ಲ ಅಲ್ವಾ, ಎಲ್ಲ ನಾನೇ ನೋಡ್ಕೊಳ್ಳುವುದು," ಎಂದು ನಿಟ್ಟುಸಿರು ಬಿಡುತ್ತಾರೆ. ನೆಂಟರು ನನ್ನನ್ನು ನೋಡಿ ಇವರಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೇಳಿ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಮಿಜಾರಿನ ಕಡೆಯ ಒಂದು ಕಾಲೇಜಿನಿಂದ ಫೋನು ಬಂತು. ಬಸ್ಸಿಗೆ ಡ್ರೈವರ್ ಬೇಕಂತೆ, ಒಳ್ಳೆಯ ಸಂಬಳವಂತೆ, ರಾತ್ರಿ ಬಸ್ಸು ನಮ್ಮ ಊರಿನಲ್ಲೇ ಹಾಲ್ಟ್ ಅಂತೆ. ಮೂಡುಬಿದಿರೆಯ ಹಾಸ್ಟೆಲಿನಲ್ಲಿರುವ ಮಗಳ ಫೀಸು ನೆನೆದು ನಾನು ದೇವರಿಗೆ ಕೈ ಮುಗಿದೆ. ಇವರು ಮಾತ್ರ ಫೋನು ಇಟ್ಟು ತ್ಯಾಗಮೂರ್ತಿಯ ಮುಖ ಮಾಡಿಕೊಂಡರು.

"ಹೋಗಬಹುದಿತ್ತು. ಆದರೆ ನಾನು ಹೋದ್ರೆ ನಿನ್ನ ವೇತನ ನಿಲ್ತದಲ್ಲ."

"ನಿಂತರೆ ನಿಲ್ಲಲಿ. ನಿಮ್ಮ ಸಂಬಳ ಅದರ ಎಷ್ಟು ಪಾಲು ಉಂಟು?"

"ಅದು ಲೆಕ್ಕದ ವಿಷಯ ಅಲ್ಲ. ಅದು ನಿನ್ನ ಹಕ್ಕು. ನಾನು ಕೂತದ್ದರಿಂದ ಅಲ್ವಾ ನಿನಗೆ ಅದು ಸಿಕ್ಕಿದ್ದು? ನಿನ್ನ ಹಕ್ಕಿಗೆ ಬೇಕಾಗಿ ನಾನು ಇನ್ನೂ ಕೂರ್ತೇನೆ."

ಹೆಂಡತಿಯ ಹಕ್ಕಿಗಾಗಿ ಕುರ್ಚಿಯಿಂದ ಏಳದ ಹೋರಾಟಗಾರನನ್ನು ನಾನು ಅಂದೇ ನೋಡಿದ್ದು. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಲೀಲಕ್ಕನಿಗೆ ಇದೆಲ್ಲ ಕೇಳಿಸಿರಬೇಕು, ಸಂಜೆ ಉಪಾಯದೊಂದಿಗೆ ಬಂದರು. "ಹೆದರಬೇಡ ಸುಮಿತ್ರಾ. ರೇಶನ್ ಕಾರ್ಡಿನಲ್ಲಿ ನೀವಿಬ್ಬರು ಬೇರೆ ಬೇರೆ ಅಂತ ಮಾಡಿಸಿದ್ರೆ ಆಯ್ತು. ಕಾಗದದಲ್ಲಿ ಮಾತ್ರ ಬೇರೆ. ಮನೆಯಲ್ಲಿ ಒಟ್ಟಿಗೇ ಇರಿ. ಯಾರು ನೋಡ್ಲಿಕ್ಕೆ ಬರ್ತಾರೆ?" ಇವರ ಕಣ್ಣು ಅರಳಿತು. ನಾನು ಬೇಡವೆಂದೆ. ಸುಳ್ಳು ಬರೆದುಕೊಟ್ಟು ತೆಗೆದುಕೊಂಡರೆ ಅದು ಯಾರೂ ಕೇಳದ ಹಣವಾಗಿ ಉಳಿಯುವುದಿಲ್ಲ, ಬಾಗಿಲು ಬಡಿದಾಗಲೆಲ್ಲ ಎದೆ ಹಾರುವ ಹಣವಾಗುತ್ತದೆ. ಅದೂ ಅಲ್ಲದೆ ನನಗೆ ಬೇಕಾಗಿದ್ದದ್ದು ಸರಿ ಉಲ್ಟಾ. ಕಾಗದದಲ್ಲಿ ಒಟ್ಟಿಗಿರಲಿ, ಅಡುಗೆಮನೆಯಲ್ಲಿ ನಾವು ಬೇರೆ ಬೇರೆಯಾಗಬೇಕಿತ್ತು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಬೆಳ್ತಂಗಡಿಗೆ ಬಸ್ಸು ಹತ್ತಿದೆ. ಬರುತ್ತೇನೆಂದು ಇವರು ಗೇಟಿನವರೆಗೆ ಬಂದರು, ನಿಲ್ಲಿಸಿದೆ. ಕಚೇರಿಯಲ್ಲಿದ್ದ ಹುಡುಗಿ ಒಳ್ಳೆಯವಳು. ನಿಂತೇ ಮಾತಾಡಬೇಡಿ ಎಂದು ಕುರ್ಚಿ ಎಳೆದುಕೊಟ್ಟಳು. ಎಲ್ಲ ಕೇಳಿ, ಸಂಬಳ ಎಷ್ಟೆಂದು ಬರೆದುಕೊಂಡು ತಲೆ ಅಲ್ಲಾಡಿಸಿದಳು.

"ಮಿತಿ ದಾಟ್ತದೆ ಅಮ್ಮ. ನಿಲ್ತದೆ."

"ಅಲ್ಲಮ್ಮಾ, ಅವರಿಗೆ ಕೆಲಸ ಸಿಕ್ಕಿದ್ದಕ್ಕೆ ನನ್ನ ಕಾಲು ಸರಿಯಾಗ್ತದಾ?"

ಅವಳು ಪಾಪ, ನನ್ನ ಕಾಲನ್ನೂ ತನ್ನ ಕಂಪ್ಯೂಟರನ್ನೂ ನೋಡಿ, "ಕಾಲು ನಮ್ಮ ಸೆಕ್ಷನ್ ಅಲ್ಲ ಅಮ್ಮ. ನಾವು ಆದಾಯ ಮಾತ್ರ ನೋಡುವುದು," ಎಂದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಿಯಮದ ಮೇಲೆ ಇಂದಿಗೂ ಸಿಟ್ಟಿದೆ, ಬಚ್ಚಿಡುವುದಿಲ್ಲ. ಕುಂಟುವುದು ನಾನು. ಪಟ್ಟಿ ಒತ್ತಿ ಗಾಯವಾಗುವುದು ನನಗೆ. ಲೆಕ್ಕ ಹಾಕುವಾಗ ಮಾತ್ರ ಗಂಡನ ಜೇಬು ನೋಡುತ್ತಾರೆ, ಅದು ನನ್ನದೇ ಜೇಬು ಎಂಬ ಹಾಗೆ. ಆ ಜೇಬಿಗೆ ಕೈ ಹಾಕುವ ಮೊದಲು ಹೆಂಡತಿಗೆ ಎಷ್ಟು ಪೀಠಿಕೆ ಬೇಕೆಂಬುದು ಯಾವ ಕಾನೂನಿಗೂ ಗೊತ್ತಿಲ್ಲ. ಇದನ್ನೆಲ್ಲ ಆ ಹುಡುಗಿಗೆ ಹೇಳಿ ಪ್ರಯೋಜನವಿಲ್ಲ ಎಂದು, ಎಂತ ಬರೆದುಕೊಡಬೇಕು ಎಂದು ಕೇಳಿದೆ. ಅವಳಿಗೆ ಆಶ್ಚರ್ಯ. ವೇತನ ಬೇಕೆಂದು ಬಂದವರನ್ನು ದಿನಾ ನೋಡುತ್ತಾಳೆ, ನಿಲ್ಲಿಸಿ ಎಂದು ಬಂದವಳು ನಾನೇ ಮೊದಲಂತೆ. ವಾಪಸು ಬರುವಾಗ ಗುರುವಾಯನಕೆರೆಯಲ್ಲಿ ಇಳಿದು ಪರಿಚಯದ ಮೈಮೂನಾಳ ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿ ಟೈಪ್ ಮಾಡಿಸಿದೆ. ಅವಳು ಟೈಪ್ ಮಾಡಿದ್ದರಲ್ಲಿ ತಪ್ಪುಗಳಿದ್ದವು, ಪಕ್ಕದಲ್ಲಿ ಕೂತು ತಿದ್ದಿಸಿದೆ. ನನ್ನ ಹಣವನ್ನು ನಾನೇ ನಿಲ್ಲಿಸುವುದಾದರೆ ಶುದ್ಧ ಕನ್ನಡದಲ್ಲೇ ನಿಲ್ಲಲಿ.

ಮನೆಗೆ ಬಂದು ಇವರಿಗೆ ಹೇಳಿದೆ. "ಇನ್ನು ನನ್ನ ಹಕ್ಕಿನ ಚಿಂತೆ ನಿಮಗೆ ಬೇಡ. ಅರ್ಜಿ ತಯಾರುಂಟು, ನಾಳೆ ಕೊಡ್ತೇನೆ. ಇವತ್ತೇ ಮಿಜಾರಿಗೆ ಫೋನು ಮಾಡಿ. ಮತ್ತೆ ಆ ಉಪ್ಪಿನ ಡಬ್ಬ ಕೆಳಗೆ ಇಳಿಸಿ."

ಇವರು ಉಪ್ಪಿನ ಡಬ್ಬ ಇಳಿಸಿದರು, ಫೋನು ಮಾತ್ರ ಮುಟ್ಟಲಿಲ್ಲ. ಕೊನೆಗೆ, "ಹೆದರಿಕೆ ಆಗ್ತದೆ ಸುಮಿತ್ರಾ. ಕಾಲೇಜಿನವರು ಅಷ್ಟು ದೊಡ್ಡ ಬಸ್ಸು ಕೊಡ್ತಾರೆ. ಇಷ್ಟು ದಿನ ಬಿಟ್ಟು ಕೈಯ ಹಿಡಿತ ತಪ್ಪಿ ಹೋಗಿದ್ದರೆ?" ಎಂದರು. ಅಷ್ಟು ದಿನ ನನ್ನ ಕಾಲಿನ ಹಿಂದೆ ಅಡಗಿ ಕೂತಿದ್ದದ್ದು ಈ ಹೆದರಿಕೆ. ನನಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದರೆ ಅಡುಗೆಮನೆ ವಾಪಸು ಸಿಗುವುದಿಲ್ಲ. "ತಪ್ಪಿದ ಕಾಲಲ್ಲಿ ನಾನು ನಡೆಯುವುದಿಲ್ವಾ? ನಡೀರಿ," ಎಂದೆ.

ಹೋದರು. ಈಗ ಇವರ ಗತ್ತು ನೋಡಬೇಕು! ಡಬ್ಬಗಳು ಕಟ್ಟೆಗೆ ಇಳಿದವು, ಮಣೆ ಮೇಜು ಹತ್ತಿತು, ಸಾರು ಕುದಿಯುವಷ್ಟು ಕುದಿಯತೊಡಗಿತು. ಆದರೆ ಮುಂದಿನ ತಿಂಗಳು ಮೊಬೈಲು ಟಿಣ್ ಎನ್ನಲಿಲ್ಲ. ನಾನೇ ಬರೆದುಕೊಟ್ಟದ್ದು ಎಂದು ಗೊತ್ತಿದ್ದರೂ ಎರಡು ಮೂರು ಸಲ ತೆಗೆದು ನೋಡಿದೆ. ಇವರ ಸಂಬಳ ಬಂದ ದಿನ ಒಂದಿಷ್ಟು ನೋಟು ಮಡಚಿ, "ಇದು ನಿನಗೆ," ಎಂದು ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. "ಕೈಯಲ್ಲಿ ಕೊಟ್ಟರೆ ಅದು ನಿಮ್ಮ ಹಣ. ಸರಕಾರ ಹಾಕುತ್ತಿದ್ದಷ್ಟು, ಹಾಕುತ್ತಿದ್ದ ಹಾಗೆ ನನ್ನ ಬ್ಯಾಂಕಿಗೆ ಹಾಕಿ. ಎಂತಕ್ಕೆ ಅಂತ ಕೇಳ್ಲಿಕ್ಕಿಲ್ಲ," ಎಂದೆ. ಮಗಳು ಫೋನಿನಲ್ಲಿ ದಾರಿ ಹೇಳಿಕೊಟ್ಟಳು, ಹಾಕಿದರು. ಟಿಣ್ ಎಂದಿತು. ಸರಕಾರದ ಹಾಗೆಯೇ ಒಂದೊಂದು ತಿಂಗಳು ತಡವಾಗುತ್ತದೆ. ಆದರೆ ಸರಕಾರವನ್ನು ಮಲಗಿದ್ದಲ್ಲಿಂದ ಎಬ್ಬಿಸಿ ಕೇಳಲಾಗುವುದಿಲ್ಲ, ಇವರನ್ನು ಕೇಳಬಹುದು.

ಹೀಗೆ ನಾನು ಗೆದ್ದೆ ಎಂದು ಆರಾಮವಾಗಿದ್ದೆ. ಹೋದ ಭಾನುವಾರ ದೋಸೆಹಿಟ್ಟಿನ ಕೈಯಲ್ಲಿರುವಾಗ ಮೈಮೂನಾಳ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಸುಮಿತ್ರಕ್ಕ, ಬೆಳಿಗ್ಗೆ ಹೊತ್ತು ಅಂಗಡಿಯಲ್ಲಿ ಬಂದು ಕೂತ್ಕೊಳ್ತೀರಾ? ಕನ್ನಡದ ಅರ್ಜಿ ನನ್ನಿಂದ ಆಗುವುದಿಲ್ಲ. ಸಂಬಳ ಕೊಡ್ತೇನೆ," ಎಂದಳು. ಈಗ ಹೆದರುವ ಸರದಿ ನನ್ನದು. ಅಷ್ಟು ಜನರ ಮುಂದೆ, ಹೊಸ ಕೆಲಸ, ಈ ವಯಸ್ಸಿನಲ್ಲಿ. ಬಾಯಿಯಿಂದ ಏನು ಬಂತೆಂದು ನನಗೇ ತಿಳಿಯಲಿಲ್ಲ.

"ಬರಬಹುದಿತ್ತು ಮೈಮೂನಾ. ಆದರೆ ನನಗೆ ಸಂಬಳ ಶುರುವಾದ್ರೆ, ಇವರು ಹಾಕುವುದು ನಿಲ್ತದೋ ಏನೋ."

"ನಿಲ್ತದೆ, ನಿಲ್ತದೆ," ಎಂದು ಜಗಲಿಯಿಂದ ಕೂಡಲೇ ಇವರ ಧ್ವನಿ ಬಂತು. ಅರ್ಜಿ ಇಲ್ಲ, ವಿಚಾರಣೆ ಇಲ್ಲ, ಇಷ್ಟು ಬೇಗ ಆದೇಶ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿದ್ದಿಲ್ಲ. ಅತ್ತ ಮೈಮೂನಾ ನಗುತ್ತಿದ್ದಳು, ಇತ್ತ ಇವರು ನಗುತ್ತಿದ್ದರು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಸೋಮವಾರದಿಂದ ಬರುತ್ತೇನೆ ಎಂದೆ. ಹೋಗುತ್ತಲೂ ಇದ್ದೇನೆ. ಆದರೆ ಮೊದಲ ಸಂಬಳ ಕೈಸೇರುವವರೆಗಾದರೂ ಹಾಕುವುದನ್ನು ನಿಲ್ಲಿಸಬಾರದೆಂದು ಜಗಲಿಗೆ ಮೇಲ್ಮನವಿ ಸಲ್ಲಿಸಿದ್ದೇನೆ. ಪರಿಶೀಲನೆಯಲ್ಲಿದೆಯಂತೆ.