ಒಂದೇ ತೋಳಿನ ಕಥೆಯನ್ನು ತೊಟ್ಟು ಮೆರೆದ ಸಂಪಾದಕರಿಗೆ

ಮಾನ್ಯರಲ್ಲಿ ಮಾನ್ಯರಾದ ಸಂಪಾದಕರೇ,

ತಮಗೂ, ತಮ್ಮ ಸಹಾಯಕರಿಗೂ, ಸಹಾಯಕರ ಸಹಾಯಕರಿಗೂ, ನಾನು ಪತ್ರ ಕಳಿಸಿ ಉಸಿರು ಬಿಡುವುದರೊಳಗೆ 'ತಮ್ಮ ಪತ್ರ ತಲುಪಿದೆ, ಧನ್ಯವಾದಗಳು' ಎಂದು ಉತ್ತರಿಸುವ ಆ ಕಂಪ್ಯೂಟರಿಗೂ ಈ ಮುದುಕಿಯ ನಮಸ್ಕಾರಗಳು. ತಮ್ಮ ಕಚೇರಿಯಲ್ಲಿ ಮಾತಿಗೆ ಮರುಮಾತು ಕೊಡುವ ಮರ್ಯಾದೆ ಉಳಿದಿರುವುದು ಅದೊಂದಕ್ಕೇ ಆದ್ದರಿಂದ, ಅದರ ಆರೋಗ್ಯವನ್ನು ನಾನು ವಿಶೇಷವಾಗಿ ವಿಚಾರಿಸಿದೆನೆಂದು ತಿಳಿಸಬೇಕು.

ನಾನು ಯಾರೆಂದು ತಮಗೆ ನೆನಪಿರಲಾರದು, ದೊಡ್ಡವರಿಗೆ ನೂರೆಂಟು ತಾಪತ್ರಯ. ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳಿಗೆ ಗಿರಾಕಿಯ ಕೋಟಿನ ಜೇಬಿನಲ್ಲಿ ತನ್ನದೇ ಮನೆಯ ಬೀಗದ ಕೈ ಸಿಗುವ ಕಥೆಯನ್ನು ಹೋದ ಸಂಚಿಕೆಯಲ್ಲಿ ಅಚ್ಚು ಹಾಕಿದಿರಲ್ಲ, ಅದನ್ನು ಬರೆದವಳು ನಾನು. ಅಚ್ಚು ಹಾಕಿದ್ದಕ್ಕೆ ಋಣಿ. ಋಣದ ಮಾತು ಬಂದಾಗ ಯಾರು ಯಾರಿಗೆ ಋಣಿ ಎಂಬ ವಿಷಯವೂ ಇದೆ, ಅದಕ್ಕೆ ಬರುತ್ತೇನೆ.

ನಮ್ಮದು ಹೊಲಿಗೆಯ ಮನೆ. ನನ್ನ ಅತ್ತೆ ಹೊಲಿದರು, ನಾನು ಹೊಲಿದೆ, ಈಗ ಸೊಸೆ ಹೊಲಿಯುತ್ತಾಳೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜಿದೆ, ಮನೆಗೆಲ್ಲ ಬೆಳಕು ನೆಟ್ಟಗೆ ಬೀಳುವ ಜಾಗ ಅದೊಂದೇ. ಬೇರೆಲ್ಲಿ ಕೂತರೂ ನನ್ನ ಕಣ್ಣಿಗೆ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದು ಹೋಗುತ್ತವೆ. ಸೊಸೆಗೂ ಅದೇ ಜಾಗ ಬೇಕು, ಅಂಚು ಕಟ್ಟುವ ಹೊಸ ಮಷೀನು ಇಡುವುದಕ್ಕೆ. ಅವಳು ಕೆಟ್ಟವಳಲ್ಲ, ಬಟ್ಟೆಯಾಗಲಿ ಮಾತಾಗಲಿ ಗೆರೆ ಎಳೆದು ಕತ್ತರಿಸುವವಳು, ಅಷ್ಟೇ. "ಅತ್ತೇ, ಈ ಮನೇಲಿ ಮೇಜು ದುಡಿಯೋರದ್ದು. ನಿಮ್ಮ ಕಥೆಗೆ ಯಾರಾದ್ರೂ ಒಂದೇ ಒಂದು ಸಲ ದುಡ್ಡು ಕೊಡ್ಲಿ, ದಿನಾ ಮಧ್ಯಾಹ್ನದವರೆಗೂ ಮೇಜು ನಿಮ್ಮದು. ಇಲ್ಲಾಂದ್ರೆ ಮಷೀನು ಬಂದ ದಿನ ಎದ್ದುಬಿಡಿ" ಎಂದಳು. "ಆಗಲಮ್ಮಾ. ನನ್ನ ಕಥೆ ಕೇಳ್ತಾ ಉಂಡು ಬೆಳೆದವನನ್ನೇ ಅಲ್ವಾ ನೀನು ಕಟ್ಟಿಕೊಂಡಿರೋದು, ಆ ಬಾಕಿನೂ ಸೇರಿಸಿಕೋ" ಎಂದು ನಾನೂ ಒಪ್ಪಿದೆ.

ನಮ್ಮ ಯಜಮಾನರು ಬಸ್ ಕಂಡಕ್ಟರಾಗಿದ್ದವರು, ಟಿಕೆಟಿಲ್ಲದವನನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದವರು. ಕಥೆಗೆ ಹಣ ಕೊಡುವ ಪತ್ರಿಕೆಯನ್ನು ಹಿಡಿಯುವುದೇನು ಮಹಾ ಎಂದು ಸೋಫಾದ ಮೇಲೆ ಫೋನು ಹಿಡಿದು ಕೂತರು. ಮೊದಲು ಸಿಕ್ಕಿದವರು ನಮ್ಮ ಕಥೆಯನ್ನು ಅವರು ಓದುವುದಕ್ಕೆ ನಾವೇ ಶುಲ್ಕ ಕಟ್ಟಬೇಕೆಂದರು. "ಬಸ್ಸು ಹತ್ತಿದೋನು ಡ್ರೈವರ್ ಹತ್ರ ದುಡ್ಡು ಕೇಳಿದ ಹಾಗಾಯ್ತಲ್ಲೇ!" ಎಂದು ಯಜಮಾನರು ಹೌಹಾರಿದರು. ಇನ್ನೊಬ್ಬರು ವರ್ಷಕ್ಕೊಂದು ವಾರ ಮಾತ್ರ ಕಥೆ ತೆಗೆದುಕೊಳ್ಳುವವರು, ಅದು ಯಾವ ವಾರವೆಂಬುದನ್ನು ಆ ವಾರ ಕಳೆದ ಮೇಲೆ ಪ್ರಕಟಿಸುವವರು. ಮತ್ತೊಬ್ಬರು ಹಣ ಇಲ್ಲ, ಹೆಸರು ಬರುತ್ತದೆ ಎಂದರು. ಹೆಸರನ್ನು ನಮ್ಮಪ್ಪ ನನಗೆ ಬಿಟ್ಟಿಯಾಗಿಯೇ ಇಟ್ಟಿದ್ದ, ಇನ್ನೊಂದು ಬೇಡವೆಂದೆ. ಕೊನೆಗೆ ಸಿಕ್ಕಿದ್ದು ತಾವು. 'ಪ್ರಕಟವಾದ ಕಥೆಗೆ ಸಂಭಾವನೆ ಉಂಟು' ಎಂಬ ತಮ್ಮ ಸಾಲನ್ನು ಯಜಮಾನರು ಎಷ್ಟು ಗಟ್ಟಿಯಾಗಿ ಓದಿದರೆಂದರೆ, ಒಳಗೆ ಸೊಸೆ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿಬಿಟ್ಟಳು.

ಇಲ್ಲಿ ನನ್ನದೊಂದು ತಪ್ಪಾಯಿತು, ಬಚ್ಚಿಡುವುದಿಲ್ಲ. ಹೊಲಿಗೆಯವರು ಪೂರ್ತಿ ಹೊಲಿದು ಗಿರಾಕಿಯ ಕೈಗೆ ಕೊಡುವುದಿಲ್ಲ. ಒಂದು ತೋಳು ಹಚ್ಚಿ, ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಟ್ರಯಲ್ಲಿಗೆ ಕರೆಯುತ್ತಾರೆ. ತೊಡಿಸಿ, ಹಿಡಿಯುವಲ್ಲಿ ಹಿಡಿದು ಬಿಡುವಲ್ಲಿ ಬಿಟ್ಟು, ಆಮೇಲೆ ಮುಗಿಸುತ್ತಾರೆ. ಕಥೆಗೂ ಅದೇ ನ್ಯಾಯವೆಂದು ನಂಬಿ ನಾನು ಅರ್ಧ ಕಥೆಯನ್ನು ಮಾತ್ರ ಕಳಿಸಿದೆ. ಗಿರಾಕಿ ಕೋಟು ಕೇಳಲು ಬಂದು ನಿಂತಿದ್ದಾನೆ, ಇವಳ ಕೈ ಇನ್ನೂ ಅದರ ಜೇಬಿನಲ್ಲೇ ಇದೆ, ಅಲ್ಲಿಗೆ ನಿಲ್ಲಿಸಿ, 'ತೊಡಿಸಿ ನೋಡಿ, ಎಲ್ಲಿ ಬಿಗಿ ಎಲ್ಲಿ ಸಡಿಲ ತಿಳಿಸಿದರೆ ಉಳಿದದ್ದನ್ನು ಮುಗಿಸಿ ಕೊಡುತ್ತೇನೆ' ಎಂದು ಕೆಳಗೆ ಬರೆದಿದ್ದೆ.

ತಾವಾದರೋ ಒಂದೇ ತೋಳಿನ ಅಂಗಿಯನ್ನು ತೊಟ್ಟುಕೊಂಡು, ಬಿಳಿ ದಾರವನ್ನೂ ಬಿಚ್ಚದೆ, ಊರ ಮುಂದೆ ಮೆರವಣಿಗೆ ಹೊರಟಿರಿ. ಅಷ್ಟಕ್ಕೇ ನಿಲ್ಲದೆ, 'ಮುಕ್ತಾಯವನ್ನೇ ನಿರಾಕರಿಸುವ ದಿಟ್ಟ ಮುಕ್ತಾಯ' ಎಂದು ಮೇಲೊಂದು ಹೊಗಳಿಕೆ ಬೇರೆ. ನಾನು ನಿರಾಕರಿಸಲಿಲ್ಲ ಸ್ವಾಮಿ, ತಮ್ಮ ಅಳತೆಗೆ ಕಾಯುತ್ತಿದ್ದೆ. ಆದರೂ ತಮ್ಮ ದೃಷ್ಟಿಗೆ ಸಾಟಿಯಿಲ್ಲ. ಹೆಚ್ಚಿನವರಿಗೆ ಕಥೆಯಲ್ಲಿ ಇರುವುದು ಮಾತ್ರ ಕಾಣುತ್ತದೆ, ತಮಗೆ ಇಲ್ಲದ್ದು ಕಂಡು ಅದು ಹಿಡಿಸಿಯೂ ಬಿಟ್ಟಿತು.

ಹೋಗಲಿ, ಸಂಭಾವನೆ ಎಲ್ಲಿ ಎಂದು ವಿನಯದಿಂದ ಕೇಳಿದೆ. ಸಂಭಾವನೆ ಪೂರ್ಣ ಪ್ರಮಾಣದ ಕಥೆಗಳಿಗೆ ಮಾತ್ರ, ನಿಮ್ಮ ಕಥೆ ಅಳತೆಯಲ್ಲಿ ಕಿರಿದು, ಆದ್ದರಿಂದ ಸಂಚಿಕೆಯ ಎರಡು ಪ್ರತಿಗಳನ್ನು ಗೌರವಪೂರ್ವಕ ಕಳಿಸಿದ್ದೇವೆ ಎಂದಿರಿ. ಗೌರವಧನದಲ್ಲಿ ಗೌರವವನ್ನು ನನಗೆ ಕಳಿಸಿ, ಧನದ ಭಾರವನ್ನು ತಾವೊಬ್ಬರೇ ಹೊತ್ತ ಔದಾರ್ಯಕ್ಕೆ ಏನು ಹೇಳಲಿ. ಹಾಗಾದರೆ ಉಳಿದರ್ಧವನ್ನೂ ಕಳಿಸುತ್ತೇನೆ, ಸೇರಿಸಿದರೆ ಪೂರ್ಣವಾಗುತ್ತದೆ ಎಂದೆ. ಈಗಾಗಲೇ ಪ್ರಕಟವಾದ ಕಥೆಗಳನ್ನು ನಾವು ಸ್ವೀಕರಿಸುವುದಿಲ್ಲ ಎಂದಿರಿ. ಎಲ್ಲಿ ಪ್ರಕಟವಾಗಿತ್ತು ಎಂದು ಕೇಳಿದ್ದಕ್ಕೆ, ನಮ್ಮಲ್ಲೇ ಎಂದಿರಿ. ಅರ್ಧವಾದ್ದರಿಂದ ಹಣವಿಲ್ಲ, ಅಚ್ಚಾದ್ದರಿಂದ ಇನ್ನರ್ಧ ಬೇಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಹೊಡೆದವಳ ಕೈ ಮಾತ್ರ ನೋಯುತ್ತಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಆ ಸಂಚಿಕೆಯನ್ನು ಕೊಂಡ ಓದುಗರ ಮನೆಮನೆಗೆ ಹೋಗಿ, ಅವರ ತಲೆಯಿಂದ ನನ್ನ ಅರ್ಧ ಕಥೆಯನ್ನು ಗೆರೆ ಕೂಡ ಉಳಿಯದಂತೆ ಬಿಚ್ಚಿ ತಂದು ಹಿಂದಿರುಗಿಸಬೇಕು. ಆಗ ಅದು ಪ್ರಕಟವಾಗದ ಕಥೆಯಾಗುತ್ತದೆ, ನಿಯಮವೂ ಉಳಿಯುತ್ತದೆ. ಅದು ಕಷ್ಟವೆಂದಾದರೆ, ತಮ್ಮ ಮುಂದಿನ ಸಂಬಳವನ್ನು ಕಚೇರಿಯವರು ಗೌರವಪೂರ್ವಕ ಎರಡು ಪ್ರತಿಗಳಾಗಿ ಕೊಟ್ಟಾಗ ತಾವು ಅದರಲ್ಲಿ ಹಾಲು ಕೊಂಡು ತೋರಿಸಬೇಕು, ನಾನೂ ಕಲಿಯುತ್ತೇನೆ.

ನಮ್ಮಿಬ್ಬರ ಈ ಪತ್ರ ವ್ಯವಹಾರ ನಡೆಯುತ್ತಿರುವಾಗಲೇ ಇಲ್ಲಿ ಮಷೀನು ಬಂತು. ನಾನು ಕನ್ನಡಕ, ಪೆನ್ನು, ಹಾಳೆ ಎಲ್ಲ ಬಾಚಿಕೊಂಡು ಎದ್ದೆ. ಆಡಿದ ಮಾತು ಆಡಿದ್ದೇ. ಇಬ್ಬರು ಹಮಾಲರು ಅದನ್ನು ಹೊತ್ತು ಬಾಗಿಲಲ್ಲಿ ನಿಂತು "ಎಲ್ಲಿ ಇಳಿಸೋಣಕ್ಕಾ?" ಎಂದರು. ಸೊಸೆ ಕೊರಳಿಗೆ ಟೇಪು ಹಾಕಿಕೊಂಡು ಮೇಜನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆ ನೋಡಿದಳು. ತಾವು ಕಳಿಸಿದ ಎರಡು ಪ್ರತಿಗಳಲ್ಲಿ ಒಂದು ಅವಳ ದಿಂಬಿನ ಕೆಳಗೆ ಸೇರಿದ್ದು ನನಗೆ ಗೊತ್ತಿತ್ತು, ಹೇಳಿರಲಿಲ್ಲ. "ಅಲ್ಲಾ ಅತ್ತೇ," ಎಂದಳು, "ಆ ಕೋಟು ಅವಳ ಗಂಡಂದೇ ತಾನೇ?"

"ಯಾವ ಕೋಟಮ್ಮಾ?" ಎಂದೆ.

"ನಾಟಕ ಆಡ್ಬೇಡಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಎಷ್ಟು ದಿನ ಸುಮ್ನಿರ್ಲಿ? ಟ್ರಯಲ್ಲಿಗೆ ಬಂದ ಗಿರಾಕಿಗಳೆಲ್ಲ ನಿಮ್ಮ ಕಥೆ ಓದಿ ಅದನ್ನೇ ಕೇಳ್ತಾರೆ."

ಕೂರಲು ಜಾಗವಿಲ್ಲದವಳು ಕಥೆಯನ್ನು ಎಲ್ಲಿಟ್ಟುಕೊಂಡು ಹೇಳಲಿ ಎಂದೆ. ಹಮಾಲರ ತೋಳು ನಡುಗುತ್ತಿತ್ತು. "ಅಕ್ಕಾ, ಬೇಗ ಹೇಳಕ್ಕಾ, ಸೊಂಟ ಹೋಯ್ತು!" ಎಂದು ಒಬ್ಬ ಗೋಗರೆದ. ಸೊಸೆ ತಿರುಗಿ, "ಮಾವಾ, ಏಳಿ ಸೋಫಾದಿಂದ! ಅಣ್ಣಾ, ಅದನ್ನ ಆಚೆ ಎಳೆದು ಮಷೀನು ಅಲ್ಲಿಡಿ" ಎಂದಳು. ನನ್ನ ಕಡೆ ಬೆರಳು ಮಾಡಿ, "ಮಧ್ಯಾಹ್ನದವರೆಗೂ ಮಾತ್ರ. ಮತ್ತೆ ಕೊನೆ ಮೊದಲು ನನಗೆ" ಎಂದಳು.

ಹೀಗೆ ಕಥೆಗೆ ಬೆಲೆ ಕೊಡುವ ಕಡೆಯೊಂದು ಕಡೆಗೂ ಸಿಕ್ಕಿತು ಮಾನ್ಯರೇ. ಹುಡುಕಿದ ಯಜಮಾನರು ಮಾತ್ರ ಈಗ ಮೆಟ್ಟಿಲ ಮೇಲೆ ಕೂತಿದ್ದಾರೆ. ಸೊಸೆಗೆ ಕೊನೆಯನ್ನು ದಿನಕ್ಕೊಂದು ಗೇಣಿನಂತೆ ಕತ್ತರಿಸಿ ಕೊಡುತ್ತಿದ್ದೇನೆ, ಒಮ್ಮೆಲೇ ಕೊಟ್ಟರೆ ಮೇಜು ಹೋದೀತು. ಹಾಗೆಂದು ತಮ್ಮ ಬಾಕಿ ತೀರಿತೆಂದು ಹಾಯಾಗಿರಬೇಡಿ. ಈ ಪತ್ರವನ್ನು ಅದೇ ಮೇಜಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಹಾಳೆ ಇನ್ನೂ ಬೇಕಾದಷ್ಟಿದೆ.

ಹಣ ಬರುವವರೆಗೂ ತಮ್ಮ ವಿಶ್ವಾಸಿ,
ಅರ್ಧ ಕಥೆಯ ಪೂರ್ತಿ ಮುದುಕಿ

ಮರೆತ ಮಾತು: ವಾರ್ಷಿಕ ಚಂದಾ ಕಟ್ಟಿರೆಂಬ ತಮ್ಮ ವಿನಂತಿ ನಿನ್ನೆ ತಲುಪಿತು, ಧನ್ಯವಾದಗಳು. ಅದನ್ನು ಆಸಕ್ತಿಯಿಂದ ಓದಿದೆವು. ಆದರೆ ಸದ್ಯಕ್ಕೆ ನಮ್ಮ ಮನೆಯ ಅಭಿರುಚಿಗೆ ಹೊಂದುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಇದನ್ನು ಪತ್ರಿಕೆಯ ಗುಣಮಟ್ಟದ ಮೇಲಿನ ತೀರ್ಪೆಂದು ಭಾವಿಸಬಾರದು. ಬೇರೆ ಮನೆಗಳಲ್ಲಿ ಪ್ರಯತ್ನಿಸುತ್ತಿರಿ, ಒಳ್ಳೆಯ ಭವಿಷ್ಯವಿದೆ.