ಮಾಯವಾದ ನೀಲಿ

ಸುಂದರೇಶ: ಬಿರಡೆ ತೆಗೆದೋರು ಯಾರು ಅಂತ ಕೇಳ್ತಿದೀನಿ, ಜವರಯ್ಯ!

ಜವರಯ್ಯ: ನಾನಂತೂ ಮುಟ್ನಿಲ್ಲ ಸಾ.

ಸುಂದರೇಶ: ಹಾಗಾದ್ರೆ ನೀಲಿ ಎಲ್ಲಿಗೆ ಹೋಯ್ತು? ಚಾಮುಂಡಿ ಬೆಟ್ಟ ಹತ್ತೋಕೆ ಹೋಯ್ತಾ?

ಸುಂದರೇಶ ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ; ಜವರಯ್ಯ ಅಲ್ಲಿನ ಪ್ರಯೋಗಾಲಯದ ಅಟೆಂಡರು. ೧೯೫೮ರ ಆ ಬೆಳಿಗ್ಗೆ ಸುಂದರೇಶನ ಎರಡು ವರ್ಷದ ದುಡಿಮೆ ಗಾಜಿನ ಬುರುಡೆಯೊಳಗೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಕೂತಿತ್ತು. ಹಿಂದಿನ ಸಂಜೆ ಅದು ನವಿಲಿನ ಕತ್ತಿನಷ್ಟು ನೀಲಿಯಾಗಿತ್ತು.

ಸುಂದರೇಶ: ಹನ್ನೊಂದು ಗಂಟೆಗೆ ಪ್ರೊಫೆಸರ್ ಸದಾಶಿವಯ್ಯನೋರು ಬರ್ತಾರೆ. ರ್‍ಯಾಡಿಕಲ್ ತೋರಿಸದೆ ಇದ್ರೆ ನನ್ನ ಪ್ರಬಂಧಕ್ಕೆ ಸಹಿ ಹಾಕಲ್ಲ ಕಣಯ್ಯ.

ಜವರಯ್ಯ: ಎರಡು ವರ್ಸದಿಂದ ರಾಡಿ ಕಲ್ಲು, ರಾಡಿ ಕಲ್ಲು ಅಂತೀರಿ. ರಾಡೀನೂ ಕಾಣೆ, ಕಲ್ಲೂ ಕಾಣೆ.

ಸುಂದರೇಶ: ಕಲ್ಲಲ್ಲಯ್ಯ! ಅದರಲ್ಲಿ ಒಂದು ಎಲೆಕ್ಟ್ರಾನಿಗೆ ಜೊತೆ ಇರಲ್ಲ. ಸೋಡಿಯಂ ಸೇರಿಸಿ ಹೆಂಗೋ ಹಿಡಿದಿಟ್ಟಿದ್ದೆ, ಆ ನೀಲಿ ಅದರದ್ದೇ ಬಣ್ಣ. ಗಾಳಿ ಸೋಕಿದ್ರೆ ಮುಗೀತು.

ಜವರಯ್ಯ: ಗಾಳಿ ಸೋಕಿದ್ರೆ ತಾಯತ ಕಟ್ಟಿಸ್ಬೇಕು ಸಾ. ನನ್ನ ಹೆಂಡ್ರು ಕೆಂಚಮ್ಮಂಗೂ ಅಂಗೇ ಆಗಿತ್ತು.

ಅಷ್ಟರಲ್ಲಿ ಸದಾಶಿವಯ್ಯ ಕೊಡೆ ಊರುತ್ತಾ ಒಳಗೆ ಬಂದರು. ಸುಂದರೇಶ ಬುರುಡೆಗೆ ಅಡ್ಡವಾಗಿ ನಿಂತ. ಆ ನೀಲಿ ರ್‍ಯಾಡಿಕಲ್ಲೇ ಅಲ್ಲ, ಗಾಜು ಸರಿಯಾಗಿ ತೊಳೆಯದೆ ಉಳಿದ ಬಣ್ಣ ಎಂದು ತಿಂಗಳಿಂದ ವಾದಿಸುತ್ತಿದ್ದವರು ಅವರು.

ಸದಾಶಿವಯ್ಯ: ಎಲ್ಲಪ್ಪಾ ನಿನ್ನ ನೀಲಿ? ನಾನು ಹೇಳಲಿಲ್ವಾ, ಈ ಜವರಯ್ಯ ಸರಿಯಾಗಿ ತೊಳೆಯಲ್ಲ ಅಂತ?

ಆ ಮಾತು ಜವರಯ್ಯನಿಗೆ ನಾಟಿತು. ಗಾಜು ತೊಳೆಯುವುದರಲ್ಲಿ ಅವನದು ಇಪ್ಪತ್ತು ವರ್ಷದ ಹೆಸರು.

ಜವರಯ್ಯ: ಬಾಯಿ ಬುಡಬಾರ್ದು ಅಂತಿದ್ದೆ ಬುದ್ಧಿ. ಬೆಳಿಗ್ಗೆ ಏಳು ಗಂಟೇಲಿ ತಾವೇ ಬಂದು ಬಿರಡೆ ಕಿತ್ತು ಮೂಸಿದ್ರಿ. ಅಲ್ಲಾಡ್ಸಿದ್ರಿ. ನೋಡ್ತಾ ನೋಡ್ತಾ ನೀಲಿ ಹೊಂಟೋಯ್ತು. ಯಾರ್ಗೂ ಹೇಳ್ಬೇಡ ಅಂದ್ರಿ.

ಪ್ರೊಫೆಸರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಸುಂದರೇಶನಿಗೆ ಸಿಟ್ಟು ನೆತ್ತಿಗೇರಿತು. ಮರುಗಳಿಗೆಯೇ ಏನೋ ಹೊಳೆಯಿತು.

ಸುಂದರೇಶ: ಸಾರ್, ತೊಳೆಯದೆ ಉಳಿದ ಬಣ್ಣ ಗಾಳಿ ತಾಕಿದ್ರೆ ಹೀಗೆ ಮಾಯ ಆಗುತ್ತಾ?

ಸದಾಶಿವಯ್ಯ: ಆಗಲ್ಲ.

ಸುಂದರೇಶ: ರ್‍ಯಾಡಿಕಲ್ ಆದ್ರೆ?

ಸದಾಶಿವಯ್ಯ: ಆಗುತ್ತೆ. ಪೆನ್ನು ಕೊಡು.

ಸಹಿ ಬಿತ್ತು. ಸುಂದರೇಶನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಸುಂದರೇಶ: ಈ ಪುರಾವೇನೂ ಪ್ರಬಂಧಕ್ಕೆ ಸೇರಿಸ್ತೀನಿ ಸಾರ್. ಬಿರಡೆ ಯಾರು ತೆಗೆದ್ರು ಅಂತ ಬರೀಲಿ?

ಸದಾಶಿವಯ್ಯ: ಕರ್ತೃ ಯಾಕಪ್ಪಾ? ಕರ್ಮಣಿ ಪ್ರಯೋಗ ಇರೋದು ಯಾತಕ್ಕೆ? "ಬಿರಡೆಯು ತೆಗೆಯಲ್ಪಟ್ಟಿತು" ಅಂತ ಬರಿ!