ಮದರ್‌ಬೋರ್ಡಿನ ಹಣೆಗೆ ವಿಭೂತಿ

ಗಂಡಸಿಗೆ ಸ್ವಂತ ಮನೆ ಇರುವುದು ಬೇರೆ, ಆ ಮನೆಯೊಳಗೆ ಸ್ವಂತ ಜಾಗ ಇರುವುದು ಬೇರೆ. ಮದರಾಸಿನ ಪಲ್ಲಾವರಂನಲ್ಲಿರುವ ನಮ್ಮ ಫ್ಲಾಟಿನ ಬಾಗಿಲ ಮೇಲೆ ನನ್ನ ಹೆಸರೇ ಇದೆ. ಆದರೆ ಒಳಗೆ ಬಂದು ನೋಡಿದರೆ ದೇವರಕೋಣೆ ಅಮ್ಮನದು, ಅಡುಗೆಮನೆ ಹೆಂಡತಿ ಸುನಂದಾಳದು, ‘ಬಾಗಿಲು ತಟ್ಟದೆ ಬರಬೇಡಿ’ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿಕೊಂಡಿರುವ ಕೋಣೆ ಮಗಳು ಮೇಘಾಳದು, ಬಾಲ್ಕನಿ ಪಾರಿವಾಳಗಳದು. ನನಗೆ ಉಳಿದದ್ದು ಹಾಲಿನ ಒಂದು ಮೂಲೆ. ಅಲ್ಲೊಂದು ಮೇಜು, ಮೇಜಿನ ಮೇಲೆ ನನ್ನ ಹಳೆಯ ಕಂಪ್ಯೂಟರ್. ಅದರ ಮುಂದೆ ಕೂತಿರುವಷ್ಟು ಹೊತ್ತು ಯಾರೂ ನನ್ನನ್ನು ಕೊತ್ತಂಬರಿ ಸೊಪ್ಪಿಗೆ ಓಡಿಸುತ್ತಿರಲಿಲ್ಲ. ನಾನೇನೋ ಕೆಲಸ ಮಾಡುತ್ತಿದ್ದೇನೆಂದು ಪಾಪ, ಅವರು ನಂಬಿದ್ದರು.

ಈ ಕಂಪ್ಯೂಟರಿಗೆ ಕೆಲವು ತಿಂಗಳಿಂದ ಮರೆವು ಶುರುವಾಗಿತ್ತು. ಒಳಗಿನ ಪುಟ್ಟ ಬ್ಯಾಟರಿ ಸತ್ತುಹೋಗಿ, ದಿನಾ ಬೆಳಿಗ್ಗೆ ಅದರ ಗಡಿಯಾರ ತಾನು ತಯಾರಾದ ವರ್ಷಕ್ಕೆ ಮರಳುತ್ತಿತ್ತು. ಮೇಘಾ ಅದನ್ನು ನೋಡಿ, “ಇದು ಪಡಿ ನಾನ್ ಇನ್ನುಂ ಪೊರಕ್ಕವೇ ಇಲ್ಲೈಪ್ಪಾ” ಎಂದಳು. ಅದರ ಲೆಕ್ಕದಲ್ಲಿ ಅವಳಿನ್ನೂ ಹುಟ್ಟೇ ಇಲ್ಲವಂತೆ. ನಾವು ಮನೆಯಲ್ಲಿ ಗದಗಿನ ಕನ್ನಡವನ್ನೇ ಆಡುತ್ತೇವೆ, ಅವಳು ಎಲ್ಲವನ್ನೂ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಬರೆಯಲು ಕಲಿಸಬೇಕೆಂದು ನಾನು ಕೊಂಡು ತಂದ ಕಾಪಿ ಪುಸ್ತಕಗಳಲ್ಲಿ ಅವಳು ಬೆಕ್ಕುಗಳ ಚಿತ್ರ ಬರೆದಿದ್ದಾಳೆ.

ಸುನಂದಾ ಹುಟ್ಟಿ ಬೆಳೆದದ್ದೇ ಮದರಾಸಿನಲ್ಲಿ. ಅವಳ ಹಿಟ್ಟಿನ ಗ್ರೈಂಡರ್ ಬಚ್ಚಲಿನ ಪಕ್ಕದ ಇಕ್ಕಟ್ಟಿನಲ್ಲಿ ಇದ್ದುದರಿಂದ ದೋಸೆಗೆ ರುಬ್ಬುವಾಗಲೆಲ್ಲ ಅವಳ ಸೊಂಟಕ್ಕೂ ನನ್ನ ಕಿವಿಗೂ ಕಷ್ಟ. “ನಿಮ್ಮ ಪೆಟ್ಟಿಗಿ ಸುಮ್ಮಾ ಜಾಗಾ ತಿಂದುಕೋತ ಕೂತದ. ಆಯುಧಪೂಜಿಯೊಳಗ ನೆಟ್ಟಗಾತೋ, ಇರ್ಲಿ. ಇಲ್ಲಂದ್ರ ಮುಡಿಂಜುದು, ಮುಗೀತು, ಆ ಮೂಲಿಗೆ ನನ್ನ ಗ್ರೈಂಡರ್ ಬರ್ತದ,” ಎಂದಳು. ಅವಳು ಮಾತಿಗೆ ತಪ್ಪುವವಳಲ್ಲ, ಅದೇ ನನ್ನ ಭಯ. ಮೂಲೆ ಹೋದರೆ ನಾನು ಪಾರಿವಾಳಗಳ ಜೊತೆ ಮಾತುಕತೆಗೆ ಇಳಿಯಬೇಕಾಗುತ್ತಿತ್ತು.

ಶುಕ್ರವಾರದ ಸಂತೆಯಲ್ಲಿ ಬ್ಯಾಟರಿ ಕೊಂಡು ತಂದು, ಸ್ಕ್ರೂ ಬಿಚ್ಚಿ, ಮದರ್‌ಬೋರ್ಡನ್ನು ಹೊರಗೆಳೆದೆ. ಹಸಿರು ಹಲಗೆ ಕಾಣಬೇಕಾದಲ್ಲಿ ಬೂದಿ. ಇದು ಧೂಳಲ್ಲ, ವಿಭೂತಿ. ಮೊದಲ ವರ್ಷದ ಆಯುಧಪೂಜೆಗೆ ನಾನು ಕಂಪ್ಯೂಟರಿನ ಡಬ್ಬಿಯ ಮೇಲೆ ವಿಭೂತಿ ಹಚ್ಚಹೊರಟಾಗ ಅಮ್ಮ ತಡೆದಿದ್ದಳು. “ಅಲ್ಲೋ, ಅಂಗಿಗೆ ಯಾರರ ವಿಭೂತಿ ಹಚ್ತಾರೇನು? ಹಣಿಗಿ ಹಚ್ಚಬೇಕು. ಮುಚ್ಚಳ ತಗಿ.” ಅಂದಿನಿಂದ ಪ್ರತಿವರ್ಷ ನಾನು ಮುಚ್ಚಳ ತೆಗೆಯುವುದು, ಅಮ್ಮ ಮದರ್‌ಬೋರ್ಡಿನ ಮೇಲೆ ಭಕ್ತಿಯಿಂದ ಮೂರು ಪಟ್ಟೆ ಎಳೆಯುವುದು ನಡೆದುಬಂದಿತ್ತು. ಆ ಪಟ್ಟೆಗಳೆಲ್ಲ ಉದುರಿ ಫ್ಯಾನಿನ ರೆಕ್ಕೆಗಳಿಗೂ ಮೆಮೊರಿ ಕಾರ್ಡಿನ ಸಂದಿಗಳಿಗೂ ಸೇರಿದ್ದವು. ನಾನು ಪೇಂಟಿಂಗ್ ಬ್ರಷ್ಷಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಿದ್ದರೆ ಅಮ್ಮ ಪಕ್ಕದಲ್ಲಿ ಕೂತು, “ಕೆಳಗ ಚೆಲ್ಲಬ್ಯಾಡ, ಕಾಲಾಗ ತುಳೀತೀವಿ, ಈ ಬಟ್ಟಲಕ್ಕ ಹಾಕು” ಎಂದಳು. ಬಟ್ಟಲು ತುಂಬಿತು. ಅಮ್ಮ ಅದನ್ನು ದೇವರ ಮುಂದೆ ಇಟ್ಟಳು, ಮರುದಿನ ನನ್ನ ಹಣೆಗೂ ಅದರಿಂದಲೇ ಹಚ್ಚಿದಳು.

ಶುದ್ಧಿ ಮುಗಿದ ಮೇಲೆ ಉಳಿದದ್ದು ಬಯೋಸ್. ಮನೆಯಲ್ಲಿ ಎಲ್ಲರಿಗಿಂತ ಮೊದಲೆದ್ದು, ಹಾಲು ಕಾಸಿ, ಮಿಕ್ಕವರನ್ನೆಲ್ಲ ಎಬ್ಬಿಸುವವರೊಬ್ಬರು ಇರುತ್ತಾರಲ್ಲ, ಕಂಪ್ಯೂಟರಿನಲ್ಲಿ ಆ ಕೆಲಸ ಬಯೋಸಿನದು. ನಮ್ಮದರ ಬಯೋಸ್ ತೀರಾ ಹಳೆಯದಾಗಿ, ನಾನು ಹಾಕಿದ ಹೊಸ ಡಿಸ್ಕನ್ನು ಗುರುತೇ ಹಿಡಿಯುತ್ತಿರಲಿಲ್ಲ. ಹೊಸ ಬಯೋಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹಳೆಯದರ ಜಾಗದಲ್ಲಿ ಬರೆಯಬೇಕು. ಕೆಲಸ ಕೆಲವೇ ನಿಮಿಷದ್ದು. ಆದರೆ ಆ ನಿಮಿಷಗಳಲ್ಲಿ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಬೋರ್ಡು ಬರೀ ಹಲಗೆ. ನಮ್ಮ ಏರಿಯಾದ ಕರೆಂಟಿನ ಮೇಲೆ ನನಗೆ ನಂಬಿಕೆ ಇತ್ತು, ಮನೆಯವರ ಮೇಲೆ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಸ್ವಿಚ್ಚಿನ ವಿಷಯದಲ್ಲಿ ಶಿಸ್ತಿಲ್ಲ. ಫ್ಯಾನು ತಿರುಗುತ್ತಲೇ ಇರುತ್ತದೆ, ಲೈಟು ಉರಿಯುತ್ತಲೇ ಇರುತ್ತದೆ, ಇವರೆದ್ದು ಹೋದ ಮೇಲೆ ಹಿಂದೆಯೇ ಹೋಗಿ ಆರಿಸುವವನು ನಾನೊಬ್ಬನೇ. ಅಮ್ಮನಂತೂ ದೂರದಲ್ಲಿ ಗುಡುಗಿದರೆ ಸಾಕು, ಕೈಗೆ ಸಿಕ್ಕ ಪ್ಲಗ್ಗನ್ನೆಲ್ಲ ಕೀಳುತ್ತಾಳೆ.

ಹಾಗಾಗಿ ಭಾನುವಾರ ಬೆಳಿಗ್ಗೆ ದಪ್ಪ ಅಕ್ಷರದಲ್ಲಿ ‘ಯಾರೂ ಮುಟ್ಟಕೂಡದು’ ಎಂದು ಬರೆದು ಸ್ವಿಚ್‌ಬೋರ್ಡಿನ ಮೇಲೆ ಅಂಟಿಸಿದೆ. ಅಮ್ಮನನ್ನು ದೇವರಕೋಣೆಯಲ್ಲಿ ಜಪಕ್ಕೆ ಕೂರಿಸಿದೆ. ಫ್ಲಾಟಿನ ಬೋರ್‌ವೆಲ್ ಮೋಟಾರು ಕೆಟ್ಟಿದ್ದರಿಂದ ಸುನಂದಾ ಕೆಳಗೆ ನೀರಿನ ಲಾರಿಯ ಸಾಲಿನಲ್ಲಿದ್ದಳು. ಮೇಘಾಳನ್ನು ಸ್ವಿಚ್‌ಬೋರ್ಡಿನ ಎದುರು ಕುರ್ಚಿ ಹಾಕಿ ಕಾವಲಿಗೆ ಕೂರಿಸಿ, ಬಯೋಸ್ ಬರೆಯಲು ಶುರು ಮಾಡಿದೆ. ಪರದೆಯ ಮೇಲೆ ಬಿಳಿಯ ಪಟ್ಟಿ ಇಂಚಿಂಚೇ ಮುಂದೆ ಹೋಗುತ್ತಿತ್ತು. ಅರ್ಧ ದಾಟಿತು. ಅಷ್ಟರಲ್ಲಿ ಕೆಳಗಿನಿಂದ ಸುನಂದಾಳ ದನಿ ಬಂತು. “ಲಾರಿ ಬಂತ್ರೀ, ಕೊಡಾ ತಗೊಂಡು ಸೀಕ್ರಂ ಬರ್ರಿ.”

ಬೇಸಿಗೆ ಕಂಡ ಮದರಾಸಿನವನಿಗೆ ಲಾರಿ ಎಂಬ ಶಬ್ದ ಕಿವಿಗೆ ಬಿದ್ದರೆ ತಲೆಯನ್ನು ಕೇಳದೆ ಕಾಲೇ ಓಡುತ್ತದೆ. ನಾನು ಕೊಡಗಳನ್ನು ಹಿಡಿದು ಬಾಗಿಲು ದಾಟುವಾಗ ಹಿಂದಿನಿಂದ ಮೇಘಾ “ಅಪ್ಪಾ, ಅಪ್ಪಾ” ಎಂದಳು. “ಬಂದ ಮ್ಯಾಲ ಹೇಳವಾ. ಒಂದ್ ನಿಮಿಷ ಸೆಕೆ ತಡಕೊಳ್ಳಾಕ ಆಗಂಗಿಲ್ಲೇನು?” ಎಂದು ಗದರಿ ಮೆಟ್ಟಿಲಿಳಿದೆ. ಅವಳಿಗೆ ಸೆಕೆ ಯಾಕಾಗುತ್ತದೆಂದು ಆಗ ನಾನು ಯೋಚಿಸಲಿಲ್ಲ.

ನೀರು ಹೊತ್ತು ಬಂದಾಗ ಪರದೆ ಕಪ್ಪಗಿತ್ತು. ಮೊದಲು ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ಕಣ್ಣು ಬಿಡದೆ ಜಪಮಾಲೆ ತೋರಿಸಿದಳು. ಆಮೇಲೆ ಮಗಳ ಕಡೆ ತಿರುಗಿ, “ಕಾಯಾಕ ಕೂಡ್ಸಿದ್ರ ಮುಟ್ಟಿದವರ್ಯಾರು?” ಎಂದೆ.

“ನೀಂಗದಾನ್ ಪಾ,” ಎಂದಳು ಅವಳು ತಣ್ಣಗೆ. “ಫ್ಯಾನ್, ಲೈಟ್, ಕಂಪ್ಯೂಟರ್. ವರಿಸೈಯಾ ಆಫ್ ಪಣ್ಣಿಟ್ಟು ಪೋನೀಂಗ.”

ಮುಟ್ಟಿದವನು ನಾನೇ ಅಂತೆ. ಎದ್ದು ಹೋಗುವಾಗ ಸಾಲಾಗಿ ಎಲ್ಲವನ್ನೂ ಆರಿಸಿ ಹೋಗುವ ಆ ಶಿಸ್ತಿನ ಕೈ ನನ್ನದೇ. ಮತ್ತೆ ಎಷ್ಟು ಸಲ ಸ್ವಿಚ್ಚು ಒತ್ತಿದರೂ ಕಂಪ್ಯೂಟರಿನೊಳಗಿನ ಫ್ಯಾನು ಮಾತ್ರ ತಿರುಗಿತು, ಬೋರ್ಡಿಗೆ ಜೀವ ಬರಲಿಲ್ಲ. ಸುನಂದಾ ಬಂದವಳು ನೋಡಿ ಗೆದ್ದೆನೆಂದು ನಗಲಿಲ್ಲ, “ಊಟಾ ಮಾಡ್ರಿ” ಎಂದಳು. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಈಗ ಮೂಲೆಯಲ್ಲಿ ಗ್ರೈಂಡರ್ ಇದೆ. ಈ ಸಲದ ಆಯುಧಪೂಜೆಗೆ ಅಮ್ಮ ವಿಭೂತಿಯ ಬಟ್ಟಲು ಹಿಡಿದು ಅದರ ಮುಂದೆ ನಿಂತು, “ಮುಚ್ಚಳ ತಗಿ” ಎಂದಳು. ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕೂತಾಗ ಸ್ವಿಚ್‌ಬೋರ್ಡು ಕಣ್ಣಿಗೆ ಬಿತ್ತು. ನನ್ನ ಚೀಟಿ ಇನ್ನೂ ಅಲ್ಲೇ ಇತ್ತು. ‘ಯಾರೂ’ ಎಂಬುದನ್ನು ಹೊಡೆದುಹಾಕಿ, ಮೇಲೆ ಕೆಂಪು ಪೆನ್ನಿನಲ್ಲಿ ಯಾರೋ ‘ಅಪ್ಪ’ ಎಂದು ಬರೆದಿದ್ದರು. ಪಕ್ಕದಲ್ಲಿ ಒಂದು ಬೆಕ್ಕಿನ ಚಿತ್ರವೂ ಇತ್ತು. ನನ್ನ ಮಗಳು ಯಾರೂ ಹೇಳದೆ, ತಾನಾಗಿ ಬರೆದ ಮೊದಲ ಕನ್ನಡ ಪದ ಅದು. ಮನೆಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದೇನೆ, ಮುಟ್ಟದೆ, ಸ್ವಲ್ಪ ದೂರದಿಂದ.